ಕೆಂಪು ಅಲೋಗೆ ಗೊಬ್ಬರ ಬೇಡ, ಬಿಸಿಲು ಕೊಡಿ

ನರ್ಸರಿಯಲ್ಲಿ ತಾಮ್ರದಂತೆ ಹೊಳೆಯುತ್ತಿದ್ದ ಅಲೋ ಗಿಡ ಮನೆಗೆ ಬಂದ ಒಂದೆರಡು ತಿಂಗಳಲ್ಲಿ ಹಸಿರಾದರೆ, ಹೆಚ್ಚಿನವರು ಮೊದಲು ಗೊಬ್ಬರ ಹುಡುಕುತ್ತಾರೆ. ಸಾರಜನಕ ಸಿಕ್ಕಿದ ಗಿಡ ಇನ್ನಷ್ಟು ಹಸಿರಾಗುತ್ತದೆ, ಅಷ್ಟೇ. ನಾವು ಬಾಗಿಲಿಗೆ ಕಟ್ಟುವ ಲೋಳೆಸರದ ಬಳಗಕ್ಕೇ ಸೇರಿದ ಅಲೋ ಕ್ಯಾಮೆರೊನಿಯನ್ನು ನೋಡಿ. ಮಲಾವಿ, ಜಿಂಬಾಬ್ವೆಗಳ ಕಲ್ಲುಬಂಡೆಗಳ ನಡುವೆ ಬೆಳೆಯುವ ಇದು ಮಳೆಗಾಲದಲ್ಲಿ ಹಸಿರು, ಒಣ ಚಳಿಗಾಲದಲ್ಲಿ ತಾಮ್ರಗೆಂಪು. ಗಿಡ ಅದೇ, ಮಣ್ಣೂ ಅದೇ. ಬದಲಾದದ್ದು ನೀರು ಮತ್ತು ಚಳಿ. ನೀರಿಲ್ಲದೆ ಬೆಳವಣಿಗೆ ನಿಧಾನವಾದರೂ ಬಿಸಿಲು ಬೀಳುತ್ತಲೇ ಇರುತ್ತದೆ. ಬಳಸಲಾಗದಷ್ಟು ಬೆಳಕು ಬಿದ್ದಾಗ ಅಲೋ ಎಲೆ ರೊಡೊಕ್ಸಾಂಥಿನ್ ಎಂಬ ಕೆಂಪು ವರ್ಣಕವನ್ನು ಕೂಡಿಸಿಕೊಳ್ಳುತ್ತದೆ. ಗಜ್ಜರಿಗೆ ಬಣ್ಣ ಕೊಡುವ ಕೆರೋಟಿನಾಯ್ಡ್‌ಗಳ ಗುಂಪಿನದೇ ಅದು. ಎಲೆಯ ಪಾಲಿಗೆ ಒಂದು ಕೊಡೆ.

ಹಾಗಾದರೆ ಚಂದಕ್ಕಾಗಿ ಗಿಡವನ್ನು ಗೋಳುಹೊಯ್ದುಕೊಳ್ಳುವುದೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನೆರಳು, ನೀರು ಸಿಕ್ಕರೆ ಈ ಕೆಂಪು ಇಳಿದು ಮತ್ತೆ ಹಸಿರು ಬರುತ್ತದೆ. ಹಾನಿಯಾಗಿದ್ದರೆ ಹಾಗೆ ಮರಳುತ್ತಿರಲಿಲ್ಲ. ಬಿಸಿಲಿಗೆ ಸುಟ್ಟ ಎಲೆಯಲ್ಲಿ ಬಿಳಿಚಿದ ಅಥವಾ ಕಂದು ಕಲೆ ಬಿದ್ದು ಅಲ್ಲೇ ಉಳಿಯುತ್ತದೆ. ಬುಡ ಮೆತ್ತಗಾಗಿದ್ದರೆ ಅದು ಬೇರು ಕೊಳೆತ. ಆಗ ಬಣ್ಣದ ಮಾತು ಬಿಟ್ಟು ಗಿಡ ಕಿತ್ತು, ಕೊಳೆತದ್ದನ್ನು ಕತ್ತರಿಸಿ, ಕೆಲವು ದಿನ ಒಣಗಿಸಿ ನೆಡಬೇಕು. ಎಲ್ಲ ಅಲೋಗಳೂ ಕೆಂಪಾಗುವುದಿಲ್ಲ ಎಂಬುದೂ ನಿಜ. ತಳಿಯಲ್ಲಿ ಇಲ್ಲದ ಬಣ್ಣವನ್ನು ಬಿಸಿಲು ತರಲಾರದು. ‘ಕ್ರಿಸ್‌ಮಸ್ ಕ್ಯಾರಲ್’ನಂಥ ಮಿಶ್ರತಳಿಗೆ ಅಂಚಿನ ಕೆಂಪು ಹುಟ್ಟಿನಿಂದಲೇ ಬಂದದ್ದು, ಬೆಳಕು ಅದನ್ನು ಗಾಢಗೊಳಿಸುತ್ತದೆ.

ಆದ್ದರಿಂದ ಮೊದಲು ಬೇರು, ಆಮೇಲೆ ಬಣ್ಣ. ತಳದಲ್ಲಿ ತೂತಿರುವ ಕುಂಡಕ್ಕೆ ಅರ್ಧಕ್ಕಿಂತ ಹೆಚ್ಚು ದಪ್ಪ ಮರಳು, ಸಣ್ಣ ಜಲ್ಲಿ ಅಥವಾ ಇಟ್ಟಿಗೆ ಚೂರು ತುಂಬಿ; ಉಳಿದದ್ದು ಕೆಮ್ಮಣ್ಣು, ತುಸು ಎರೆಗೊಬ್ಬರ. ಹೊಸ ಎಲೆ ಬರುವವರೆಗೆ ತೆಳುನೆರಳಲ್ಲಿಡಿ. ನಂತರ ಬೆಳಗಿನ ಒಂದು ತಾಸಿನ ಬಿಸಿಲಿನಿಂದ ಶುರುಮಾಡಿ, ಎರಡು ಮೂರು ವಾರಗಳಲ್ಲಿ ಐದಾರು ತಾಸಿಗೆ ಏರಿಸಿ. ನೆರಳಿನ ಗಿಡವನ್ನು ಒಮ್ಮೆಲೇ ತಾರಸಿಗೆ ಒಯ್ದರೆ ಕೆಂಪಾಗುವ ಮೊದಲೇ ಸುಡುತ್ತದೆ. ಮಣ್ಣು ಆಳದವರೆಗೆ ಒಣಗಿದ ಮೇಲೆ ನೀರು; ಡಿಸೆಂಬರ್, ಜನವರಿಯ ತಂಪು ರಾತ್ರಿಗಳಲ್ಲಿ ಇನ್ನೂ ಕಡಿಮೆ. ಎಲೆ ಸುಕ್ಕುಗಟ್ಟಿದರೆ ಮಾತ್ರ ಹಟ ಬಿಟ್ಟು ನೀರುಣಿಸಿ. ಏಪ್ರಿಲ್‌ನ ನೆತ್ತಿಯ ಬಿಸಿಲಿಗೆ ಶೇಡ್ ನೆಟ್ ಕಟ್ಟಿ, ಮಳೆಗಾಲಕ್ಕೆ ಕುಂಡವನ್ನು ಸೂರಿನಡಿ ಸರಿಸಿ. ಆಗ ಹಸಿರಾದರೆ ಗಾಬರಿ ಬೇಡ, ಮಲಾವಿಯ ಬಂಡೆಯ ಮೇಲೂ ಮಳೆ ಬಿದ್ದಾಗ ಅದು ಹಸಿರೇ.