ಟ್ರ್ಯಾಕ್‌ಗೆ ಇಳಿದ ಮೇಲೆ ನಿಮ್ಮ ಕಾರಿಗೆ ನೀವೇ ವಿಮಾ ಕಂಪನಿ

ಕಳೆದ ವರ್ಷ ನನ್ನ ಕಾರಿನ ಓನ್ ಡ್ಯಾಮೇಜ್ ಪಾಲಿಸಿಗೆ ನಾನು ಕಟ್ಟಿದ್ದು ₹18,400. ಅದರಲ್ಲಿ ₹7,200 ಬರೀ ಆಡ್‌ಆನ್‌ಗಳಿಗೆ. ರೇಸ್ ಟ್ರ್ಯಾಕಿನ ಅಂಚಿನಲ್ಲಿ ಜೋಡಿಸಿದ್ದ ಟೈರ್ ರಾಶಿಗೆ ಕಾರು ಗುದ್ದಿ ಮೂತಿ ಜಜ್ಜಿಹೋದಾಗ ರಿಪೇರಿಗೆ ಬಂದ ಎಸ್ಟಿಮೇಟ್ ₹4.10 ಲಕ್ಷ. ವಿಮಾ ಕಂಪನಿಯಿಂದ ಬಂದದ್ದು ಒಂದು ಪುಟದ ಪತ್ರ, ಹಣವಲ್ಲ. ಕಂಪನಿಯನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಪತ್ರದಲ್ಲಿ ಹೇಳಿದ್ದು ಪಾಲಿಸಿಯಲ್ಲಿ ಮೊದಲಿನಿಂದಲೂ ಅಚ್ಚಾಗಿದ್ದ ಮಾತೇ.

ಬೆಂಗಳೂರಿನಲ್ಲಿ ಕಾರು ಓಡಿಸಲು ರೇಸ್ ಟ್ರ್ಯಾಕ್ ಇಲ್ಲ. ಹಾಗಾಗಿ ಇಲ್ಲಿಯ ಕಾರು ಹುಚ್ಚಿನವರು ಹೆಚ್ಚಾಗಿ ಒಂದೋ ಕೊಯಮತ್ತೂರು ಪಕ್ಕದ ಕರಿ ಮೋಟರ್ ಸ್ಪೀಡ್‌ವೇಗೆ ಹೋಗುತ್ತಾರೆ, ಇಲ್ಲವೇ ಶ್ರೀಪೆರಂಬದೂರು ದಾಟಿ ಇರುಂಗಾಟ್ಟುಕೋಟೈಗೆ. ಎರಡನೆಯದು 1990ರಲ್ಲಿ ಶುರುವಾದ, ಸುಮಾರು 3.7 ಕಿಲೋಮೀಟರ್ ಉದ್ದದ ಚೆನ್ನೈ ಟ್ರ್ಯಾಕ್. ರೇಸ್ ಇಲ್ಲದ ದಿನಗಳಲ್ಲಿ ಅದನ್ನು ಯಾರಾದರೂ ಬಾಡಿಗೆಗೆ ಹಿಡಿದು, ನಮ್ಮಂಥವರಿಂದ ಶುಲ್ಕ ಪಡೆದು, ದಿನವೂ ಆಫೀಸಿಗೆ ಹೋಗುವ ಕಾರಿನಲ್ಲೇ ಓಡಿಸಲು ಬಿಡುತ್ತಾರೆ. ಹೆಲ್ಮೆಟ್ ಕಡ್ಡಾಯ. ಒಂದು ಇಂಡೆಮ್ನಿಟಿ ಬಾಂಡಿಗೆ ಸಹಿಯೂ ಕಡ್ಡಾಯ.

ನಾನು ಅಲ್ಲಿಗೆ ಹೋದ ದಿನ ಬೆಳಗಿನ ಸೆಷನ್‌ಗಳಲ್ಲಿ ತೊಂದರೆ ಇರಲಿಲ್ಲ. ಊಟವಾದ ಮೇಲೆ, ಚೆನ್ನೈ ಬಿಸಿಲಿನಲ್ಲಿ, ಬ್ರೇಕ್ ಪೆಡಲ್ ಮೆತ್ತಗಾಗತೊಡಗಿತು. ರಸ್ತೆ ಕಾರಿನ ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್ ಈ ಕೆಲಸಕ್ಕೆ ಮಾಡಿದ್ದಲ್ಲ. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ಅದೆಲ್ಲ ಬಿಸಿಯಾಗಿ ಆಯಿಲ್ ಕುದಿಯುತ್ತದೆ, ಪೆಡಲ್ ಒತ್ತಿದರೂ ಹಿಡಿತ ಸಿಗುವುದಿಲ್ಲ. ನೇರ ಹಾದಿ ಮುಗಿದು ತಿರುವು ಬಂದಾಗ ನನ್ನ ವೇಗ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಅರ್ಧ ತಿರುವಿನಲ್ಲಿ ಭಯವಾಗಿ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದೆ. ಮುಂದಿನ ಚಕ್ರಕ್ಕೆ ಪವರ್ ಇರುವ ಕಾರಿನಲ್ಲಿ ಇದಕ್ಕೆ ಒಂದೇ ಫಲ: ಭಾರವೆಲ್ಲ ಮುಂದಕ್ಕೆ ಬಂತು, ಹಿಂದಿನ ಟೈರುಗಳು ಹಗುರವಾಗಿ ಹಿಡಿತ ಬಿಟ್ಟವು, ಹಿಂಭಾಗ ತಿರುಗಿ ಮುಂದಕ್ಕೆ ಬರತೊಡಗಿತು. ಸ್ಟೀರಿಂಗ್ ಎದುರು ದಿಕ್ಕಿಗೆ ತಿರುಗಿಸಿದ್ದು ತಡವಾಯಿತು, ಮತ್ತೆ ನೇರ ಮಾಡಿದ್ದು ಇನ್ನೂ ತಡವಾಯಿತು. ಹುಲ್ಲು, ಧೂಳು, ಟೈರ್ ರಾಶಿ. ಏರ್‌ಬ್ಯಾಗ್ ಎರಡೂ ಬಿಚ್ಚಿಕೊಂಡವು. ನನಗೆ ಮಣಿಕಟ್ಟು ಉಳುಕಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಈಗ ಹಣದ ಮಾತು.

ನಮ್ಮ ದೇಶದ ಖಾಸಗಿ ಕಾರಿನ ಪಾಲಿಸಿಯಲ್ಲಿ ‘ಲಿಮಿಟೇಷನ್ಸ್ ಆ್ಯಸ್ ಟು ಯೂಸ್’ ಎಂಬ ಭಾಗವಿದೆ. ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದು, ಆರ್ಗನೈಸ್ಡ್ ರೇಸಿಂಗ್, ಪೇಸ್ ಮೇಕಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್, ಇವಕ್ಕೆ ಕಾರು ಬಳಸಿದರೆ ಕವರ್ ಇಲ್ಲ. ಸರ್ವೇಯರ್ ಬಂದಾಗ ನಾನೂ ವಾದ ಹೂಡಿದೆ. ಅಲ್ಲಿ ಬಹುಮಾನ ಇರಲಿಲ್ಲ, ಯಾರೂ ಯಾರನ್ನೂ ಸೋಲಿಸುವುದಿರಲಿಲ್ಲ, ಅದು ಹೇಗೆ ರೇಸಿಂಗ್ ಆಗುತ್ತದೆ ಎಂದೆ. ಆತ ಟ್ಯಾಬ್‌ನಲ್ಲಿ ಫೋಟೊ ತೆಗೆಯುತ್ತಲೇ ಹೇಳಿದರು: “ಸರಿ ಸಾರ್, ರೇಸ್ ಬೇಡ. ಗಾಡಿ ಎಷ್ಟು ಸ್ಪೀಡ್ ಹೋಗುತ್ತೆ ಅಂತ ನೋಡೋಕೇ ಅಲ್ವಾ ಅಲ್ಲಿವರೆಗೂ ಹೋಗಿದ್ದು?” ನನ್ನ ಬಳಿ ಉತ್ತರವಿರಲಿಲ್ಲ. ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದಿತ್ತು, ಅದಕ್ಕೆ ಶುಲ್ಕವಿಲ್ಲ. ಆದರೆ ಆಯೋಜಕರ ಕರಪತ್ರದಲ್ಲೇ ಲ್ಯಾಪ್ ಟೈಮಿಂಗ್ ಉಚಿತ ಎಂದಿತ್ತು. ಆ ಕಾಗದ ಕೈಯಲ್ಲಿಟ್ಟುಕೊಂಡು ಹೋಗಿ ಏನು ವಾದಿಸುವುದು?

ಗ್ಯಾರೇಜಿನವನ ಸಲಹೆ ಬೇರೆಯೇ ಇತ್ತು. “ಹೈವೇಲಿ ನಾಯಿ ಅಡ್ಡ ಬಂತು ಅಂತ ಬರ್ಸಿ ಸಾರ್, ಎಲ್ರೂ ಹಾಗೇ ಮಾಡೋದು.” ಇಂಥ ಸಲಹೆ ಕೊಡುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ, ಆದ್ದರಿಂದ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಅದು ಜಾಣತನವಲ್ಲ, ವಂಚನೆ. ಸಿಕ್ಕಿಬಿದ್ದರೆ ಕ್ಲೇಮ್ ಹೋಗುತ್ತದೆ, ಪಾಲಿಸಿಯೂ ಹೋಗುತ್ತದೆ, ಪೊಲೀಸ್ ಕೇಸೂ ಬೀಳಬಹುದು. ಸಿಕ್ಕಿಬೀಳುವುದು ಕಷ್ಟವೂ ಅಲ್ಲ. ಟೋಲ್‌ನಲ್ಲಿ ಫಾಸ್ಟ್ಯಾಗ್ ಸಮಯ ದಾಖಲಾಗಿರುತ್ತದೆ, ಟೋಯಿಂಗ್ ಬಿಲ್ಲಿನಲ್ಲಿ ಕಾರು ಎತ್ತಿದ ಜಾಗ ಇರುತ್ತದೆ, ಜೊತೆಗೆ ಬಂದವರ ಫೋನಿನಲ್ಲಿ ವಿಡಿಯೊ ಇರುತ್ತದೆ.

ಇನ್ನು ಆಡ್‌ಆನ್‌ಗಳ ವಿಷಯ. ಜೀರೊ ಡೆಪ್, ರಿಟರ್ನ್ ಟು ಇನ್ವಾಯ್ಸ್, ಇಂಜಿನ್ ಪ್ರೊಟೆಕ್ಟ್, ಕನ್ಸ್ಯೂಮಬಲ್ಸ್, ಕೀ ರಿಪ್ಲೇಸ್‌ಮೆಂಟ್: ಶೋರೂಮಿನ ಹುಡುಗ ಒಂದೊಂದಾಗಿ ಹೇಳುತ್ತಾ ಹೋದಾಗ ಕಾರಿಗೆ ಇನ್ನು ಏನೂ ಆಗಲಾರದು ಅನ್ನಿಸುತ್ತದೆ. ಜೀರೊ ಡೆಪ್ ಒಂದಕ್ಕೆ ಅರ್ಥವಿದೆ. ಪ್ಲಾಸ್ಟಿಕ್, ರಬ್ಬರ್, ಏರ್‌ಬ್ಯಾಗ್‌ಗಳಿಗೆ ಅದಿಲ್ಲದಿದ್ದರೆ ಅರ್ಧ ಬೆಲೆಯಷ್ಟೇ ಸಿಗುತ್ತದೆ, ಇವತ್ತಿನ ಕಾರುಗಳ ಮೂತಿಯೋ ಬಹುಪಾಲು ಪ್ಲಾಸ್ಟಿಕ್ಕೇ. ಉಳಿದವುಗಳನ್ನು ಮಾರುವ ರೀತಿ ನನಗೆ ರೇಜಿಗೆ ಹುಟ್ಟಿಸುತ್ತದೆ. ಇವೆಲ್ಲ ನಿಂತಿರುವುದು ಮೂಲ ಪಾಲಿಸಿಯ ಮೇಲೆ. ಮೂಲ ಕ್ಲೇಮ್ ತಿರಸ್ಕಾರವಾದರೆ ತಾಯಿಬೇರು ಕಿತ್ತ ಮರದ ಕೊಂಬೆಗಳ ಹಾಗೆ ಅವೂ ಒಣಗುತ್ತವೆ. ಈ ಮಾತನ್ನು ಕೌಂಟರಿನಲ್ಲಿ ಯಾರೂ ಹೇಳುವುದಿಲ್ಲ. ಕಾರು ಯಾವುದಕ್ಕೆ ಬಳಸುತ್ತೀರಿ ಎಂದು ಕೇಳುವುದೂ ಇಲ್ಲ. ಕೇಳಿದರೆ ಮಾರಾಟ ಕಡಿಮೆಯಾಗುತ್ತದೆ. ಕಳೆದುಹೋದ ಕೀ ನಾನು ಜೇಬಿನಿಂದ ದುಡ್ಡು ಕೊಟ್ಟು ಮಾಡಿಸಿಕೊಳ್ಳಬಲ್ಲೆ, ಅದಕ್ಕೆ ವರ್ಷವರ್ಷ ಪ್ರೀಮಿಯಂ ಏಕೆ?

ಟ್ರ್ಯಾಕ್ ದಿನಕ್ಕೆ ನಿಜವಾಗಿ ಎಷ್ಟು ಖರ್ಚು? ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿಯೇ ಮಾಡೋಣ.

ಪ್ರವೇಶ ಶುಲ್ಕ ₹9,000. ಎಲ್ಲರೂ ಹೇಳುವುದು ಇದೊಂದನ್ನೇ. ನಾಲ್ಕು ಟೈರಿಗೆ ₹32,000 ಕೊಟ್ಟಿದ್ದೆ, ಒಂದು ದಿನದ ಓಟ ಅದರ ಕಾಲು ಭಾಗ ಸವೆಸಿತು ಎಂದಿಟ್ಟುಕೊಂಡರೆ ₹8,000. ಬ್ರೇಕ್ ಪ್ಯಾಡ್ ಅರ್ಧ ಸವೆದದ್ದಕ್ಕೆ ₹3,000. ಬ್ರೇಕ್ ಆಯಿಲ್ ಬದಲಾವಣೆ ₹1,500. ಬೆಂಗಳೂರಿನಿಂದ ಹೋಗಿ ಬರಲು ಆರುನೂರು ಕಿಲೋಮೀಟರ್ ಮೇಲಾಗುತ್ತದೆ, ಟ್ರ್ಯಾಕ್ ಮೇಲಂತೂ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಹೆಚ್ಚು. ಎಲ್ಲ ಸೇರಿ ಪೆಟ್ರೋಲ್ 66 ಲೀಟರ್, ₹6,700. ಟೋಲ್, ಲಾಡ್ಜ್, ಊಟ ₹4,500. ಕೂಡಿಸಿದರೆ ₹32,700. ಒಂಬತ್ತು ಸಾವಿರದ ದಿನ ಆಗಲೇ ಮೂವತ್ಮೂರು ಸಾವಿರಕ್ಕೆ ಹತ್ತಿರ ಬಂತು.

ಇದಕ್ಕೆ ಅಪಘಾತದ ಪಾಲು ಸೇರಿಸಬೇಕು. ವಿಮೆ ಇಲ್ಲ ಅಂದ ಮೇಲೆ ವಿಮಾ ಕಂಪನಿ ನೀವೇ, ನಿಮಗೆ ನೀವೇ ಪ್ರೀಮಿಯಂ ಕಟ್ಟಿಕೊಳ್ಳಬೇಕು. ರಿಪೇರಿ ₹4.10 ಲಕ್ಷ, ಇರುಂಗಾಟ್ಟುಕೋಟೈನಿಂದ ಬೆಂಗಳೂರಿಗೆ ಫ್ಲಾಟ್‌ಬೆಡ್ ₹14,000, ಒಟ್ಟು ₹4.24 ಲಕ್ಷ. ಇಂಥ ಪೆಟ್ಟು ನೂರು ಟ್ರ್ಯಾಕ್ ದಿನಕ್ಕೆ ಒಮ್ಮೆ ಬೀಳುತ್ತದೆ ಎಂದುಕೊಳ್ಳಿ. ಇದು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಊಹೆ ಮಾತ್ರ. ಹಾಗಾದರೆ ದಿನದ ಪ್ರೀಮಿಯಂ ₹4,240, ದಿನದ ಬೆಲೆ ₹36,940. ಹೊಸಬರು ಮೂವತ್ತು ದಿನಕ್ಕೊಮ್ಮೆ ಗುದ್ದುತ್ತಾರೆ ಎಂದುಕೊಂಡರೆ ಪ್ರೀಮಿಯಂ ₹14,133, ದಿನದ ಬೆಲೆ ₹46,833.

ಇಲ್ಲಿಯವರೆಗೆ ಲೆಕ್ಕ ಮಾಡಿದವರೂ ಇದರ ಮುಂದೆ ಎಡವುತ್ತಾರೆ. ದಿನಕ್ಕೆ ನಾಲ್ಕು ಸಾವಿರ ಎತ್ತಿಟ್ಟರೆ ಸಾಕಲ್ಲ ಎನ್ನುತ್ತಾರೆ. ಸಾಲದು. ವಿಮಾ ಕಂಪನಿಯ ಬಳಿ ಲಕ್ಷಾಂತರ ಕಾರುಗಳಿವೆ, ಅದಕ್ಕೆ ಸರಾಸರಿ ಕೆಲಸ ಮಾಡುತ್ತದೆ. ನಿಮ್ಮ ಬಳಿ ಇರುವುದು ಒಂದೇ ಕಾರು. ನೂರನೆಯ ದಿನ ಬೀಳಬೇಕಾದ ಪೆಟ್ಟು ಮೊದಲ ದಿನವೇ ಬಿದ್ದರೆ ಎತ್ತಿಟ್ಟದ್ದು ₹4,240, ಬೇಕಾದದ್ದು ₹4.24 ಲಕ್ಷ. ಆದ್ದರಿಂದ ಟ್ರ್ಯಾಕ್‌ಗೆ ಇಳಿಯುವವರ ಬಳಿ ಪೂರ್ತಿ ಮೊತ್ತ ಇವತ್ತೇ, ನಗದಾಗಿ, ಮುಟ್ಟಬಹುದಾದ ಜಾಗದಲ್ಲಿ ಇರಬೇಕು.

ಅದೂ ಕಾರು ರಿಪೇರಿಯಾಗುವಂತಿದ್ದರೆ. ನನ್ನ ಕಾರಿನ ಐಡಿವಿ, ಅಂದರೆ ಪಾಲಿಸಿಯಲ್ಲಿ ನಮೂದಿಸಿದ ಕಾರಿನ ಮೌಲ್ಯ, ₹6.65 ಲಕ್ಷ. ಕಾರಿನ ಮೇಲೆ ₹7 ಲಕ್ಷ ಸಾಲ, ಶೇ 9ರ ಬಡ್ಡಿ, ಐದು ವರ್ಷ, ತಿಂಗಳಿಗೆ ₹14,531 ಕಂತು. ಎರಡು ವರ್ಷ ಎರಡು ತಿಂಗಳು ಕಟ್ಟಿದ ಮೇಲೂ ಬಾಕಿ ಸುಮಾರು ₹4.35 ಲಕ್ಷ. ಕಾರು ಪೂರ್ತಿ ಗುಜರಿಗೆ ಹೋಗಿದ್ದರೆ ಬ್ಯಾಂಕಿನ ಸಾಲ ಗುಜರಿಗೆ ಹೋಗುತ್ತಿರಲಿಲ್ಲ. ಕಾರಿಲ್ಲದೆ ಕಂತು ಕಟ್ಟುತ್ತಾ ಆಫೀಸಿಗೆ ಬಿಎಂಟಿಸಿ ಬಸ್ಸು ಹತ್ತಬೇಕಿತ್ತು.

ನಾನು ಎಮರ್ಜೆನ್ಸಿ ಫಂಡಿನಿಂದ ₹1.24 ಲಕ್ಷ ತೆಗೆದು, ಉಳಿದ ₹3 ಲಕ್ಷಕ್ಕೆ ಪ್ರೀ ಅಪ್ರೂವ್ಡ್ ಪರ್ಸನಲ್ ಲೋನ್ ತೆಗೆದುಕೊಂಡೆ. ಶೇ 14, ಮೂರು ವರ್ಷ, ಕಂತು ₹10,253. ಬಡ್ಡಿ ₹69,000ಕ್ಕೂ ಮೇಲೆ, ಪ್ರೊಸೆಸಿಂಗ್ ಫೀ ಜಿಎಸ್‌ಟಿ ಸೇರಿ ₹7,080. ಆ ಒಂದು ತಿರುವಿನ ಒಟ್ಟು ಬಿಲ್ ₹5 ಲಕ್ಷ. ಎಫ್‌ಡಿ ಮೇಲೆ ಓವರ್‌ಡ್ರಾಫ್ಟ್ ಅಥವಾ ಚಿನ್ನದ ಸಾಲ ಇದಕ್ಕಿಂತ ಅಗ್ಗ, ಆದರೆ ಫೋನಿನಲ್ಲಿ ಒಂದು ಬಟನ್ ಒತ್ತಿದರೆ ಬರುವ ಸಾಲಕ್ಕೆ ಬೇರೆಯೇ ಸೆಳೆತ.

ಮೈಗೆ ಪೆಟ್ಟಾದರೆ? ಆರೋಗ್ಯ ವಿಮೆಯ ಸ್ಟ್ಯಾಂಡರ್ಡ್ ಎಕ್ಸ್‌ಕ್ಲೂಷನ್‌ನಲ್ಲಿ ಮೋಟರ್ ರೇಸಿಂಗ್ ಹೆಸರಿದೆ, ಆದರೆ ವೃತ್ತಿಪರರಾಗಿ ಭಾಗವಹಿಸಿದರೆ ಎಂಬ ಮಾತೂ ಅಲ್ಲೇ ಇದೆ. ಹವ್ಯಾಸಕ್ಕೆ ಹೋದವರಿಗೆ ಅದು ಅನುಕೂಲದ ಸಾಲು. ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ, ಟರ್ಮ್ ಪ್ಲಾನಿನ ಆಕ್ಸಿಡೆಂಟ್ ರೈಡರ್ ಮಾತ್ರ ಇಷ್ಟು ಉದಾರವಾಗಿರುವುದು ಕಡಿಮೆ. ಹೊರಡುವ ಮೊದಲು ನಿಮ್ಮದನ್ನು ತೆಗೆದು ಓದಿ.

ಓದುವುದು ನಮಗೆ ಅಭ್ಯಾಸವೇ ಇಲ್ಲ, ದೊಡ್ಡ ತೊಂದರೆ ಇರುವುದೇ ಅಲ್ಲಿ. ನೂರು ರೂಪಾಯಿ ಉಳಿಯುತ್ತದೆಂದು ಮೂರು ಆ್ಯಪ್‌ಗಳಲ್ಲಿ ಬೆಲೆ ನೋಡುವ ಹುಡುಗರು ಟ್ರ್ಯಾಕಿನ ಗೇಟಿನಲ್ಲಿ ಕೊಟ್ಟ ಬಾಂಡಿಗೆ ನಿಂತಲ್ಲೇ, ಇನ್ನೊಬ್ಬನ ಬೆನ್ನ ಮೇಲಿಟ್ಟು ಸಹಿ ಹಾಕುತ್ತಾರೆ. ಬ್ಯಾರಿಯರ್ ಹಾಳಾದರೆ ಅದರ ದುಡ್ಡೂ ನಿಮ್ಮದೇ ಎಂದು ಅದರಲ್ಲಿ ಬರೆದಿರುತ್ತದೆ. ಟಿವಿ, ಫೋನು, ಕಾರು ಎಲ್ಲಕ್ಕೂ ಕೇಳುವುದು ಒಂದೇ ಪ್ರಶ್ನೆ: ತಿಂಗಳಿಗೆ ಎಷ್ಟು? ಹೋದರೆ ಎಷ್ಟು ಎಂದು ಕೇಳುವವರಿಲ್ಲ. ಸಂಬಳ ಏರಿದ ಹಾಗೆ ಕಂತು ಏರಿಸುತ್ತೇವೆ, ಬ್ಯಾಂಕಿನಲ್ಲಿ ಇರಬೇಕಾದ ಆಪತ್ತಿನ ಹಣ ಮಾತ್ರ ಏರುವುದಿಲ್ಲ. ಕಂತಿನ ಕಾರಿನ ಮೇಲೆ ಕೊನೆಯ ಕಂತು ಮುಗಿಯುವವರೆಗೆ ಬ್ಯಾಂಕಿಗೂ ಹಕ್ಕಿದೆ. ಆರ್‌ಸಿಯಲ್ಲಿ ಹೈಪೊಥಿಕೇಷನ್ ಎಂದು ಅಚ್ಚಾಗಿರುವುದು ಸುಮ್ಮನೆ ಅಲ್ಲ.

ಓಡಿಸುವ ಆಸೆ ಇದ್ದೇ ಇದೆಯಾದರೆ ದಾರಿಗಳೂ ಇವೆ. ರೇಸಿಂಗ್ ಶಾಲೆಗಳು ತಮ್ಮದೇ ಕಾರು ಕೊಟ್ಟು ಕಲಿಸುತ್ತವೆ. ಹಾನಿಯಾದರೆ ನಿಮ್ಮ ಹೊಣೆ ಎಷ್ಟರವರೆಗೆ ಎಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಬೆಂಗಳೂರಿನಲ್ಲೇ ಗೋಕಾರ್ಟಿಂಗ್ ಇದೆ, ಹಿಡಿತ ತಪ್ಪುವುದು ಹೇಗೆಂದು ಅಲ್ಲಿ ಅಗ್ಗವಾಗಿ ಕಲಿಯಬಹುದು. ಇಬ್ಬರು ಮೂವರು ಸೇರಿ ಹಳೆಯ ಎಸ್ಟೀಮ್ ಕಾರೊಂದನ್ನು ನಗದು ಕೊಟ್ಟು ಕೊಂಡರೆ ಇನ್ನೂ ಒಳ್ಳೆಯದು, ಹೋದರೆ ಹೋಯಿತು. ಬ್ರಿಟನ್ನಿನಲ್ಲಿ ಟ್ರ್ಯಾಕ್ ದಿನಕ್ಕೆಂದೇ ಒಂದು ದಿನದ ಪಾಲಿಸಿ ಮಾರುತ್ತಾರೆ. ಇಲ್ಲಿ ನಾನು ಕೇಳಿದ ಏಜೆಂಟರೆಲ್ಲ ನಕ್ಕರು.

ಹಾಗಾಗಿ ನನ್ನ ತೀರ್ಪು ಇಷ್ಟೇ. ಸಾಲ ತೀರಿರಬೇಕು, ಕಾರಿನ ಐಡಿವಿಯಷ್ಟು ಹಣ ಬೇರೆ ಯಾವ ಕೆಲಸಕ್ಕೂ ಬೇಡವಾಗಿ ಉಳಿತಾಯ ಖಾತೆಯಲ್ಲೋ ಲಿಕ್ವಿಡ್ ಫಂಡಿನಲ್ಲೋ ಇರಬೇಕು, ಅದು ಹೋದರೂ ಮನೆಯ ಖರ್ಚು ಅಲುಗಬಾರದು. ಮೂರೂ ಇದ್ದರೆ ಧಾರಾಳವಾಗಿ ಹೋಗಿ, ಬ್ರೇಕ್ ಆಯಿಲ್ ಬದಲಿಸಿಕೊಂಡು ಹೋಗಿ. ಮೂರರಲ್ಲಿ ಒಂದು ಇಲ್ಲದಿದ್ದರೂ ನಿಮ್ಮ ಕಾರನ್ನು ಮನೆಯಲ್ಲಿ ಬಿಟ್ಟು, ಬೇರೆಯವರ ಕಾರು ಬಾಡಿಗೆಗೆ ಸಿಗುವಲ್ಲಿ ಓಡಿಸಿ.