ಮೊಡವೆಯೂ ಸಕ್ಕರೆ ಗುಳಿಗೆಯೂ

ಮೈಸೂರಿನ ಲಕ್ಷ್ಮೀಪುರಂನಿಂದ ಯುವರಾಜ ಕಾಲೇಜಿಗೋ ಮಹಾರಾಜ ಕಾಲೇಜಿಗೋ ಹೋಗುವ ಮಕ್ಕಳ ಮುಖದ ಮೇಲೆ ನಾಲ್ಕು ಮೊಡವೆ ಎದ್ದರೆ ಮನೆಯಲ್ಲಿ ತೀರ್ಪು ಸಿದ್ಧ: "ಉಷ್ಣ ಆಗಿದೆ, ಕರಿದದ್ದು ಬಿಡು, ಮುಖ ಚೆನ್ನಾಗಿ ತೊಳ್ಕೊ." ಅಷ್ಟಕ್ಕೂ ಇಳಿಯದಿದ್ದರೆ ಪಕ್ಕದ ಮನೆಯವರು ಹೇಳುತ್ತಾರೆ: "ಹೋಮಿಯೋಪತಿಗೆ ತೋರಿಸಿ, ಸೈಡ್ ಎಫೆಕ್ಟ್ ಇರಲ್ಲ." ಎರಡನ್ನೂ ನಿಧಾನವಾಗಿ ಬಿಡಿಸಿ ನೋಡೋಣ.

ಮುಖದ ಸಣ್ಣ ಸಣ್ಣ ಕೂದಲಿನ ಬುಡದಲ್ಲೂ ಜಿಡ್ಡು ಸ್ರವಿಸುವ ಗ್ರಂಥಿ ಇರುತ್ತದೆ. ಹರೆಯದಲ್ಲಿ ಆಂಡ್ರೊಜೆನ್ ಹಾರ್ಮೋನು ಏರುತ್ತದೆ, ಹುಡುಗಿಯರಲ್ಲೂ. ಆಗ ಗ್ರಂಥಿ ಹಿಗ್ಗಿ ಜಿಡ್ಡು ಜಾಸ್ತಿಯಾಗುತ್ತದೆ. ಉದುರಿ ಹೋಗಬೇಕಾದ ಸತ್ತ ಜೀವಕೋಶಗಳು ಆ ಜಿಡ್ಡಿಗೆ ಅಂಟಿಕೊಂಡು ರಂಧ್ರವನ್ನು ಕಟ್ಟಿಬಿಡುತ್ತವೆ. ಬಾಯಿ ಮುಚ್ಚಿದ್ದರೆ ಬಿಳಿ ಗುಳ್ಳೆ, ತೆರೆದಿದ್ದರೆ ಕಪ್ಪು ಚುಕ್ಕೆ. ಆ ಕಪ್ಪು ಕೊಳೆಯಲ್ಲ, ಆದ್ದರಿಂದ ಉಜ್ಜಿ ತೊಳೆದರೆ ಹೋಗುವುದೂ ಇಲ್ಲ. ಚರ್ಮ ಕೆರಳುತ್ತದೆ, ಅಷ್ಟೆ. ಎಲ್ಲರ ಚರ್ಮದಲ್ಲೂ ತಣ್ಣಗೆ ಇರುವ ಒಂದು ಬ್ಯಾಕ್ಟೀರಿಯಾ ಕಟ್ಟಿದ ರಂಧ್ರದೊಳಗೆ ಹೆಚ್ಚುತ್ತದೆ, ದೇಹ ಅದರ ಮೇಲೆ ತಿರುಗಿ ಬೀಳುತ್ತದೆ, ಕೆಂಪಾಗಿ ಕೀವು ತುಂಬುತ್ತದೆ. ಇದು ಆಳಕ್ಕಿಳಿದು ಗಂಟಾದರೆ ಮುಂದೆ ಗುಳಿ ಉಳಿಯುವ ಭಯವಿದೆ.

ಇವತ್ತು ಕನ್ನಡಿಯಲ್ಲಿ ಕಂಡ ಮೊಡವೆಯ ತಯಾರಿ ವಾರಗಳ ಹಿಂದೆಯೇ ಶುರುವಾಗಿರುತ್ತದೆ. ಹಾಗಾಗಿ ಯಾವ ಔಷಧಿಯಾದರೂ ಫಲ ಕಾಣಲು 8ರಿಂದ 12 ವಾರ ಬೇಕು. ಇನ್ನೊಂದು ಸಂಗತಿ, ಮೊಡವೆ ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಜನ ವೈದ್ಯರ ಬಳಿಗೆ ಹೋಗುವುದು ಏರಿದಾಗ. ಇಳಿದಾಗ ಹೊಗಳಿಕೆ ಸಿಗುವುದು ಆ ಹೊತ್ತಿನಲ್ಲಿ ಬಾಯಲ್ಲಿದ್ದ ಗುಳಿಗೆಗೆ.

ಈಗ ಹೋಮಿಯೋಪತಿ. ಜರ್ಮನಿಯ ಸ್ಯಾಮುಯೆಲ್ ಹಾನೆಮನ್ 1796ರಲ್ಲಿ ಇದರ ಮೂಲತತ್ವ ಮುಂದಿಟ್ಟರು. ನಮ್ಮ ಕರಾವಳಿಯಲ್ಲಿ ಇದಕ್ಕೆ ಹಳೆಯ ಬೇರಿದೆ: ಜೆಸ್ಯೂಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಈ ಮದ್ದು ಕೊಡಲು ಶುರುಮಾಡಿದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಅಲ್ಲಿಂದಲೇ. ತತ್ವ ಹೀಗಿದೆ: ಆರೋಗ್ಯವಂತರಲ್ಲಿ ಯಾವುದು ರೋಗಲಕ್ಷಣ ತರುತ್ತದೋ, ಅದನ್ನೇ ತೀರಾ ತೆಳುಮಾಡಿ ಕೊಟ್ಟರೆ ಆ ಲಕ್ಷಣ ಹೋಗುತ್ತದೆ. ಬ್ರೋಮೈಡ್ ಲವಣ ಹೆಚ್ಚಾಗಿ ಹೊಟ್ಟೆಗೆ ಹೋದರೆ ಮೊಡವೆಯಂಥ ಗುಳ್ಳೆ ಏಳುವುದು ನಿಜ. ಅದಕ್ಕೇ ಮೊಡವೆಗೆ ಕಾಲಿ ಬ್ರೋಮೇಟಮ್ ಬರೆಯುತ್ತಾರೆ. ಸಲ್ಫರ್, ಹೀಪರ್ ಸಲ್ಫ್, ಪಲ್ಸಟಿಲ್ಲಾ ಹೆಸರುಗಳೂ ಕಿವಿಗೆ ಬಿದ್ದಿರುತ್ತವೆ.

ಸೀಸೆಯ ಮೇಲಿನ '30' ನೋಡಿ. ಮೂಲದ್ರವ್ಯದ ಒಂದು ಪಾಲಿಗೆ 99 ಪಾಲು ಆಲ್ಕೋಹಾಲ್ ಬೆರೆಸಿ ಕುಲುಕುವುದು ಒಂದು ಸಲ. ಅದರಿಂದ ಒಂದು ಪಾಲು ತೆಗೆದು ಮತ್ತೆ ಹಾಗೆಯೇ. ಹೀಗೆ ಮೂವತ್ತು ಸಲ. 12ನೆಯ ಸಲ ದಾಟುವ ಹೊತ್ತಿಗೆ ಮೂಲದ್ರವ್ಯದ ಒಂದು ಅಣು ಉಳಿಯುವುದೂ ಅನುಮಾನ. ಆ ದ್ರವವನ್ನು ಸಕ್ಕರೆ ಗುಳಿಗೆಗೆ ಹನಿಸಿ ಕೊಡುತ್ತಾರೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಳಿ 2015ರಲ್ಲಿ ಇದ್ದಬದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ, ಯಾವ ಕಾಯಿಲೆಗೂ ಹೋಮಿಯೋಪತಿ ಫಲಕಾರಿ ಎನ್ನುವ ನಂಬಲರ್ಹ ಪುರಾವೆ ಸಿಗಲಿಲ್ಲ ಎಂದಿತು. ನನ್ನ ಅಭಿಪ್ರಾಯವೂ ಅದೇ. ಸೈಡ್ ಎಫೆಕ್ಟ್ ಇಲ್ಲದಿರುವುದಕ್ಕೆ ಕಾರಣವೂ ಅಲ್ಲೇ ಇದೆಯಲ್ಲ!

ಆದರೆ ಹೋಮಿಯೋಪತಿ ವೈದ್ಯರು ಸಮಯ ಕೊಟ್ಟು ಕೇಳುವ ಪ್ರಶ್ನೆಗಳಿಗೆ ಬೆಲೆಯಿದೆ. ಹಣೆಯಂಚಿನಲ್ಲೇ ಗುಳ್ಳೆ ಇದ್ದರೆ ತಲೆಗೆ ಹಚ್ಚುವ ಎಣ್ಣೆಯ ಮೇಲೆ ಕಣ್ಣಿಡಬೇಕು. ಮುಟ್ಟು ಏರುಪೇರಾಗಿ ಗದ್ದದ ಮೇಲೆ ಗಂಟುಗಳಿದ್ದರೆ ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆಗೆ ಪರೀಕ್ಷೆ ಬೇಕು. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ತಂದ 'ಬೆಳ್ಳಗಾಗುವ' ಕ್ರೀಮಿನಲ್ಲಿ ಸ್ಟಿರಾಯ್ಡ್ ಇದ್ದರೆ ಅದೇ ಮೊಡವೆ ತರಿಸುತ್ತಿರಬಹುದು. ಅದನ್ನು ತಟ್ಟನೆ ಬಿಟ್ಟರೂ ಮುಖ ಕೆಂಪೇರಿ ಉರಿಯುತ್ತದೆ. ಬಿಡುವುದನ್ನೂ ವೈದ್ಯರನ್ನು ಕೇಳಿಯೇ ಮಾಡಬೇಕು.

ಸಾಧಾರಣ ಮೊಡವೆಗೆ ಚರ್ಮವೈದ್ಯರು ಬರೆಯುವುದು ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲಿನ್‌ನಂಥ ಜೆಲ್‌ಗಳನ್ನು. ಮೊದಲ ಕೆಲವು ವಾರ ಚರ್ಮ ಒಣಗಿ ಸಿಪ್ಪೆ ಏಳುತ್ತದೆ, ಅದಕ್ಕೇ ಬಹಳ ಮಂದಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಒಂದೊಂದು ಮೊಡವೆಗೆ ಚುಕ್ಕಿ ಇಟ್ಟರೆ ಸಾಲದು, ಮೊಡವೆ ಬರುವ ಜಾಗಕ್ಕೆಲ್ಲ ತೆಳ್ಳಗೆ ಹಚ್ಚಬೇಕು. ಸಕ್ಕರೆ ಗುಳಿಗೆ ಬೇಕೆನಿಸಿದರೆ ಜೊತೆಗಿರಲಿ. ನೋಯುವ ಗಂಟು ಕಂಡರೆ ಮಾತ್ರ ತಡಮಾಡದೆ ದೊಡ್ಡಾಸ್ಪತ್ರೆಯ, ಅಂದರೆ ಕೆ.ಆರ್. ಆಸ್ಪತ್ರೆಯ, ಚರ್ಮರೋಗ ವಿಭಾಗಕ್ಕೆ ಹೋಗಿ. ಅಂಥವರಿಗೆ ಐಸೊಟ್ರೆಟಿನಾಯಿನ್ ಕೊಡಬಹುದು. ಅದು ಗರ್ಭದ ಮಗುವಿಗೆ ತೀವ್ರ ಹಾನಿ ಮಾಡುವ ಔಷಧಿ. ಮದುವೆಯಾದ ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಗರ್ಭ ನಿಲ್ಲುವ ಸಾಧ್ಯತೆ ಇರುವ ಯಾರಿಗೇ ಆದರೂ ಇದನ್ನು ಮೊದಲೇ ತಿಳಿಸಿ ಹೇಳಬೇಕು.