ಮನೆಖರ್ಚು ಪ್ರಶ್ನೋತ್ತರ: ಬಿಲ್ಲು ಏರಿದ್ದು ದೇವರ ಮನೆಯ ಲೈಟಿನಿಂದಲ್ಲ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಜೋಗುಪಾಳ್ಯ, ಹಲಸೂರು ಕಡೆಯವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಜೋಗುಪಾಳ್ಯದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ ನಮ್ಮದು. ಐದು ಜನ ಇದ್ದೇವೆ. ಗೃಹಜ್ಯೋತಿ ಬಂದಮೇಲೆ ಕರೆಂಟ್ ಬಿಲ್ಲು ಸೊನ್ನೆ, ಇಲ್ಲವೇ ನೂರಿನ್ನೂರು ರೂಪಾಯಿ ಬರುತ್ತಿತ್ತು. ಹೋದ ತಿಂಗಳು 204 ಯೂನಿಟ್ ಆಗಿ ಒಂದೂವರೆ ಸಾವಿರಕ್ಕೂ ಮೇಲೆ ಬಂದಿದೆ. ನಾಲ್ಕೇ ನಾಲ್ಕು ಯೂನಿಟ್‌ಗೆ ಇಷ್ಟಾ? ದೇವರ ಮನೆಯಲ್ಲಿ 9 ವಾಟ್‌ನ ಎಲ್‌ಇಡಿ ರಾತ್ರಿಯೆಲ್ಲ ಉರಿಯುತ್ತದೆಂದು ಮನೆಯವರು ನನ್ನನ್ನೇ ಬೈಯುತ್ತಾರೆ. ನಮ್ಮನ್ನು ಯೋಜನೆಯಿಂದ ತೆಗೆದುಬಿಟ್ಟರೇ?

ಉತ್ತರ: ಇಲ್ಲ, ತೆಗೆದಿಲ್ಲ. ಒಂದು ತಿಂಗಳು ಮಿತಿ ದಾಟಿದ ಮಾತ್ರಕ್ಕೆ ಹೆಸರು ಹೋಗುವುದಿಲ್ಲ. ಮುಂದಿನ ತಿಂಗಳು ಬಳಕೆ ಇಳಿದರೆ ರಿಯಾಯಿತಿ ಮೊದಲಿನಂತೆ ಸಿಗುತ್ತದೆ. ಬಂದಿರುವ ಬಿಲ್ಲನ್ನು ಮಾತ್ರ ಗಡುವಿನೊಳಗೆ ಕಟ್ಟಿಬಿಡಿ.

ಸೊನ್ನೆ ಬಿಲ್ಲು ಅಭ್ಯಾಸವಾದ ಮನೆಗೆ ಇಂಥ ಬಿಲ್ಲು ಬಂದರೆ ಎದೆ ಧಸಕ್ಕೆನ್ನುವುದು ಸಹಜ. ಹಾಗಾಗಿ ನಿಯಮವನ್ನು ನಿಧಾನವಾಗಿ ನೋಡೋಣ. ರಾಜ್ಯ ಸರ್ಕಾರದ ಈ ಉಚಿತ ಕರೆಂಟಿನ ಯೋಜನೆ 2023ರಲ್ಲಿ ಶುರುವಾದಾಗ ಪ್ರತಿ ಮೀಟರಿಗೂ ಒಂದು ಅರ್ಹ ಯೂನಿಟ್ (ಉಚಿತವಾಗಿ ಬಳಸಬಹುದಾದ ಪ್ರಮಾಣ) ಗೊತ್ತುಮಾಡಿದರು. 2022-23ರ ನಿಮ್ಮ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ 10. ಇದರೊಳಗೆ ಇದ್ದರೆ ಬಿಲ್ಲು ಸೊನ್ನೆ. ಇದನ್ನು ದಾಟಿ 200ರೊಳಗೆ ನಿಂತರೆ ದಾಟಿದಷ್ಟಕ್ಕೆ ಮಾತ್ರ ಹಣ. ನಿಮಗೆ ನೂರಿನ್ನೂರು ಬರುತ್ತಿದ್ದದ್ದು ಹೀಗೆ. 200ನ್ನು ದಾಟಿದರೆ ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್ಲು. ನೀವು ಕಟ್ಟುತ್ತಿರುವುದು ನಾಲ್ಕು ಯೂನಿಟ್‌ನ ಹಣವಲ್ಲ, ಇನ್ನೂರ ನಾಲ್ಕರದ್ದು. ನಿಯಮ ಕಟುವಾಗಿದೆ, ಒಪ್ಪುತ್ತೇನೆ.

ಇನ್ನು ದೇವರ ಮನೆಯ ಲೈಟು. 9 ವಾಟ್‌ನ ಬಲ್ಬು ಹತ್ತು ಗಂಟೆ ಉರಿದರೆ ಒಂದು ಯೂನಿಟ್‌ನ ಹತ್ತರಲ್ಲೊಂದು ಪಾಲೂ ಆಗುವುದಿಲ್ಲ. ತಿಂಗಳಿಗೆ ಮೂರು ಯೂನಿಟ್‌ಗಿಂತ ಕಡಿಮೆ. ಅದನ್ನು ಆರಿಸಿದ್ದರೂ ನಿಮ್ಮ 204, 201 ಆಗಿ ಪೂರ್ತಿ ಬಿಲ್ಲೇ ಬರುತ್ತಿತ್ತು. ಇದನ್ನು ನಿಮ್ಮ ಮನೆಯವರಿಗೆ ಓದಿ ಹೇಳಿ.

ಕರೆಂಟು ಹೋಗುವ ದಾರಿ ಬಚ್ಚಲು ಮನೆಯಲ್ಲಿದೆ. ಸಾಮಾನ್ಯ ಗೀಸರ್ 2000 ವಾಟ್‌ನದು. ಅರ್ಧ ಗಂಟೆ ಕಾದರೆ ಒಂದು ಯೂನಿಟ್. ಹದಿನೈದು ಲೀಟರ್ ನೀರು ಚೆನ್ನಾಗಿ ಕಾಯಲು ಇಪ್ಪತ್ತು, ಇಪ್ಪತ್ತೈದು ನಿಮಿಷ ಸಾಕು. ಐದು ಜನ ಐದು ಹೊತ್ತಿನಲ್ಲಿ ಸ್ನಾನ ಮಾಡಿ, ನಡುವೆ ಯಾರೂ ಸ್ವಿಚ್ ಆರಿಸದಿದ್ದರೆ ಕಾದ ನೀರು ಆರುತ್ತದೆ, ಮತ್ತೆ ಕಾಯುತ್ತದೆ. ದಿನಕ್ಕೆ ಒಟ್ಟು ಒಂದೂವರೆ ಗಂಟೆ ಕಾದರೂ ತಿಂಗಳಿಗೆ 90 ಯೂನಿಟ್. ಬೆಳಿಗ್ಗೆ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ ಸ್ವಿಚ್ ಆರಿಸುವ ಪದ್ಧತಿ ಮಾಡಿ. ಬೇಸಿಗೆಯಲ್ಲಿ ಗೀಸರಿನ ತಂಟೆಗೇ ಹೋಗಬೇಡಿ.

ಎರಡನೆಯದು ಫ್ಯಾನು. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ. ಹದಿನಾಲ್ಕು ಗಂಟೆ ತಿರುಗಿದರೆ ದಿನಕ್ಕೊಂದು ಯೂನಿಟ್. ಬಿಎಲ್‌ಡಿಸಿ ಫ್ಯಾನು (ಕಡಿಮೆ ಕರೆಂಟಿನ ಹೊಸ ಬಗೆಯ ಮೋಟರ್ ಇರುವುದು) 30 ವಾಟ್ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗಬೇಡಿ. ಅತಿ ಹೆಚ್ಚು ತಿರುಗುವ ಒಂದನ್ನು ಬದಲಿಸಿ, ಹಳೆಯದನ್ನು ಜೋಪಾನವಾಗಿಡಿ. ಮನೆ ಬಿಡುವಾಗ ಹೊಸದನ್ನು ಬಿಚ್ಚಿಕೊಂಡು ಹೋಗಬಹುದು.

ಕೊನೆಯದಾಗಿ, ರೀಡಿಂಗ್ ಆದ ದಿನ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಹದಿನೈದನೇ ದಿನ ಮತ್ತೆ ನೋಡಿ. ಎರಡರ ವ್ಯತ್ಯಾಸ 95 ದಾಟಿದ್ದರೆ ಉಳಿದ ಹದಿನೈದು ದಿನ ಗೀಸರಿನ ಮೇಲೆ ಕಣ್ಣಿಡಿ. ಮೀಟರೇ ಕೆಟ್ಟಿದೆ ಎಂಬ ಅನುಮಾನ ಬಂದರೆ ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ಜಿನದೂ ತೆಗೆದು, ಅಂಕಿ ಓಡುತ್ತಿದೆಯೇ ನೋಡಿ. ಓಡುತ್ತಿದ್ದರೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ, ಆರ್.ಆರ್. ನಂಬರ್ ಕೊಟ್ಟು ದೂರು ಬರೆಸಿ.

ಪ್ರಶ್ನೆ: ಹತ್ತು ನಿಮಿಷದಲ್ಲಿ ಸಾಮಾನು ತರುವ ಆಪ್‌ಗಳಿಂದ ನಮ್ಮ ತಿಂಗಳ ಖರ್ಚು ಏರಿದೆಯೋ ಇಳಿದಿದೆಯೋ ಗೊತ್ತಾಗುತ್ತಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವವರು.

ಉತ್ತರ: ಏರಿದೆ. ಕೊತ್ತಂಬರಿ ಸೊಪ್ಪಿಗೆಂದು ಆಪ್ ತೆರೆದವರು ಡೆಲಿವರಿ ಶುಲ್ಕ ತಪ್ಪಿಸಲು ಚಿಪ್ಸ್ ಸೇರಿಸುತ್ತಾರೆ. ಕೆಲಸದಿಂದ ದಣಿದು ಬರುವವರನ್ನು ಮಾರುಕಟ್ಟೆಗೆ ಹೋಗಿ ಎಂದು ದಿನವೂ ಕಳಿಸಲಾರೆ. ಭಾನುವಾರ ಒಂದು ಸಲ ಹಲಸೂರು ಮಾರುಕಟ್ಟೆಗೋ ಹಾಪ್‌ಕಾಮ್ಸ್ ಮಳಿಗೆಗೋ ಚೀಲ ಹಿಡಿದು ಹೋಗಿ ವಾರದ ತರಕಾರಿ ತನ್ನಿ. ಆಪ್‌ಗೆ ಹಾಲು, ಮೊಸರಿನಂಥ ತುರ್ತು ಮಾತ್ರ ಬಿಡಿ. ಒಂದು ತಿಂಗಳು ಹೀಗೆ ಮಾಡಿ, ಆಪ್‌ನಲ್ಲೇ ಇರುವ ಹಳೆಯ ಬಿಲ್ಲುಗಳೊಂದಿಗೆ ಹೋಲಿಸಿ.

ಪ್ರಶ್ನೆ: ನಾನು ಟೈಲರಿಂಗ್ ಮಾಡುತ್ತೇನೆ. ನಮ್ಮ ಬೀದಿಯ ಅಕ್ಕ ಒಬ್ಬರ ಹತ್ತಿರ ತಿಂಗಳಿಗೆ 5 ಸಾವಿರದ, 1 ಲಕ್ಷದ ಚೀಟಿ ಹಾಕಿದ್ದೇನೆ. 20 ಜನ. ಎಂಟು ತಿಂಗಳಾಗಿದೆ, ತೊಂದರೆ ಬಂದಿಲ್ಲ. ಈಗ ಅವರ ನೆಂಟರೊಬ್ಬರು ತಿಂಗಳಿಗೆ ಶೇ 3 ಲಾಭ ಕೊಡುತ್ತೇವೆ, ಚೀಟಿ ಎತ್ತಿ ಅಲ್ಲಿ ಹಾಕು ಎನ್ನುತ್ತಿದ್ದಾರೆ. ಮಗಳ ಕಾಲೇಜಿಗೆ ಇಟ್ಟ ದುಡ್ಡು. ಆಸೆಯೂ ಆಗುತ್ತದೆ, ಭಯವೂ ಆಗುತ್ತದೆ.

ಉತ್ತರ: ನಿಮ್ಮ ಭಯ ಸರಿಯಾಗಿದೆ, ಅದನ್ನು ಕೇಳಿ. ಹಾಕಬೇಡಿ.

ಮೊದಲು ಚೀಟಿಯ ಮಾತು. ಚೀಟಿ ಕೆಟ್ಟದ್ದಲ್ಲ, ಬ್ಯಾಂಕಿನವರು ಒಳಗೆ ಬಿಟ್ಟುಕೊಳ್ಳದ ಕಾಲದಲ್ಲಿ ಎಷ್ಟೋ ಮನೆಯ ಮದುವೆ, ಫೀಸು ನಡೆದದ್ದು ಚೀಟಿಯಿಂದಲೇ. ಲೆಕ್ಕ ಹೀಗೆ: ಒಬ್ಬರು 20 ಸಾವಿರ ಬಿಟ್ಟು ಚೀಟಿ ಎತ್ತಿದರು ಎನ್ನಿ. ನಡೆಸುವವರ ಕಮಿಷನ್ 5 ಸಾವಿರ ಕಳೆದರೆ ಉಳಿದ 15 ಸಾವಿರ 20 ಜನಕ್ಕೆ ಹಂಚಿ ತಲಾ 750. ಆ ತಿಂಗಳು ನೀವು ಕಟ್ಟುವುದು 4,250. ಬೇಗ ಎತ್ತಿದವರಿಗೆ ಚೀಟಿ ಎಂದರೆ ಸಾಲ, ಕೊನೆಗೆ ಎತ್ತುವವರಿಗೆ ಉಳಿತಾಯ. ಮಗಳ ಕಾಲೇಜಿಗೆ ಇನ್ನೂ ಸಮಯವಿದ್ದರೆ ಈಗ ಬಿಟ್ಟು ಎತ್ತುವುದೇ ನಷ್ಟ. ಹಾಗೆ ಎತ್ತಿದ ಹಣವನ್ನು ಅಪರಿಚಿತರ ಕೈಗಿಡುವುದು ಅದರ ಮೇಲಿನ ಇನ್ನೊಂದು ನಷ್ಟ.

1982ರ ಚಿಟ್ ಫಂಡ್ ಕಾಯ್ದೆಯಂತೆ ಚೀಟಿ ನಡೆಸುವವರು (ಕಾಯ್ದೆಯ ಭಾಷೆಯಲ್ಲಿ ‘ಫೋರ್‌ಮನ್’) ನೋಂದಣಿ ಮಾಡಿಸಿ, ಚೀಟಿ ಮೊತ್ತದಷ್ಟು ಭದ್ರತೆ ಇಟ್ಟು ನಡೆಸಬೇಕು. ಕಮಿಷನ್‌ಗೂ ಮಿತಿಯಿದೆ, 2019ರ ತಿದ್ದುಪಡಿಯಲ್ಲಿ ಅದು ಶೇ 5ರಿಂದ ಶೇ 7ಕ್ಕೆ ಏರಿತು. ಬೀದಿಯ ಚೀಟಿಗಳು ಬಹುತೇಕ ನೋಂದಣಿ ಇಲ್ಲದವು, ನಡೆಯುವುದು ಬರೀ ನಂಬಿಕೆಯ ಮೇಲೆ. ಅಕ್ಕನ ಮೇಲೆ ಅನುಮಾನ ಬೇಡ. ಅವರು ಪ್ರಾಮಾಣಿಕರೇ ಇರಬಹುದು, ಆದರೆ ಇಬ್ಬರು ಚೀಟಿ ಎತ್ತಿಕೊಂಡು ಮನೆ ಖಾಲಿ ಮಾಡಿದರೆ ಅವರೇನು ಮಾಡಿಯಾರು? ಈ ಚೀಟಿಯನ್ನು ಜಗಳವಾಡಿ ಮುರಿಯಬೇಡಿ, ಮುಗಿಸಿ. ಪ್ರತಿ ಸಲ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಿ. ಆದಷ್ಟು ಫೋನ್‌ಪೇ, ಗೂಗಲ್‌ಪೇಯಲ್ಲೇ ಹಾಕಿ, ದಾಖಲೆ ಉಳಿಯುತ್ತದೆ. ಮುಂದೆ ಚೀಟಿಯೇ ಬೇಕೆನಿಸಿದರೆ ನೋಂದಣಿ ಇರುವಲ್ಲಿ ಹಾಕಿ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

ಈಗ ಆ ಶೇ 3. ತಿಂಗಳಿಗೆ 3 ಎಂದರೆ ವರ್ಷಕ್ಕೆ 36. ಅಂಚೆ ಕಚೇರಿಯ ಆರ್.ಡಿ.ಗೆ (ತಿಂಗಳು ತಿಂಗಳು ಕಟ್ಟುವ ಠೇವಣಿ) ವರ್ಷಕ್ಕೆ ಶೇ 6.7. ಐದು ಪಟ್ಟಿಗೂ ಹೆಚ್ಚು ಕೊಡುವ ವ್ಯಾಪಾರ ಯಾವುದೆಂದು ಆ ನೆಂಟರನ್ನು ಕೇಳಿ ನೋಡಿ. ನಿಮ್ಮ ಮನೆಯಿಂದ ಹೆಚ್ಚು ದೂರವೇನಿಲ್ಲ, ಶಿವಾಜಿನಗರದ ಐಎಂಎ ಎಂಬ ಆಭರಣ ಮತ್ತು ಹೂಡಿಕೆ ಸಂಸ್ಥೆ 2019ರ ಜೂನ್‌ನಲ್ಲಿ ಬಾಗಿಲು ಹಾಕಿತು. ತಿಂಗಳ ಲಾಭ ನಂಬಿ ಹಣವಿಟ್ಟಿದ್ದ ಸಾವಿರಾರು ಜನ ದೂರು ಕೊಡಲು ಸಾಲು ನಿಂತರು. ಅವರಲ್ಲಿ ಮಗಳ ಮದುವೆಗೆ, ಮುಪ್ಪಿಗೆ ಎಂದು ಇಟ್ಟವರೇ ಬಹಳ. ಅವರು ದಡ್ಡರಾಗಿರಲಿಲ್ಲ. ವರ್ಷಗಟ್ಟಲೆ ಲಾಭ ಸರಿಯಾಗಿ ಕೈಗೆ ಬಂದಿತ್ತು, ಅದಕ್ಕೇ ನಂಬಿದರು. ಹೊಸಬರ ಹಣದಲ್ಲಿ ಹಳಬರಿಗೆ ಕೊಡುವ ಕಡೆಯಲ್ಲೂ ಮೊದಮೊದಲು ಎಲ್ಲ ಸರಿಯಾಗಿಯೇ ಬರುತ್ತದೆ. ಅದೇ ವರ್ಷ, ಅನುಮತಿಯಿಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆಯೂ ಬಂತು.

ಚೀಟಿ ಮುಗಿದ ಮೇಲೆ ಹಲಸೂರು ಅಂಚೆ ಕಚೇರಿಯಲ್ಲಿ ಆರ್.ಡಿ. ತೆರೆಯಿರಿ. ತಿಂಗಳಿಗೆ 100 ರೂಪಾಯಿಯಿಂದಲೂ ಶುರುಮಾಡಬಹುದು, ಅವಧಿ ಐದು ವರ್ಷ. ತಿಂಗಳಿಗೆ 2 ಸಾವಿರ ಕಟ್ಟಿದರೆ ಶೇ 6.7ರ ದರದಲ್ಲಿ ಕೊನೆಗೆ ಸುಮಾರು 1 ಲಕ್ಷ 42 ಸಾವಿರ ಕೈಗೆ ಬರುತ್ತದೆ. ಹನ್ನೆರಡು ಕಂತು ಕಟ್ಟಿದ ಮೇಲೆ ತುರ್ತಿದ್ದರೆ ಕಟ್ಟಿದ್ದರ ಅರ್ಧದಷ್ಟು ಸಾಲ ಸಿಗುತ್ತದೆ. ನೆಂಟರಿಗೆ ಏನು ಹೇಳುವುದು ಎನ್ನುತ್ತೀರಾ? ದುಡ್ಡು ಮಗಳ ಹೆಸರಿನಲ್ಲಿ ಕಟ್ಟಿಬಿಟ್ಟೆ ಎನ್ನಿ, ಸಾಕು.

ಪ್ರಶ್ನೆ: ನನಗೆ 67 ವರ್ಷ. ಬಿಪಿ, ಶುಗರ್ ಮಾತ್ರೆಗೇ ತಿಂಗಳಿಗೆ ಸಾವಿರಾರು ರೂಪಾಯಿ ಹೋಗುತ್ತದೆ. ಜನೌಷಧಿ ಮಳಿಗೆಯಲ್ಲಿ ಅಗ್ಗ ಎನ್ನುತ್ತಾರೆ. ಅಗ್ಗದ ಮಾತ್ರೆ ಕೆಲಸ ಮಾಡದೆ ಹೆಚ್ಚುಕಮ್ಮಿಯಾದರೆ?

ಉತ್ತರ: ಈ ವಯಸ್ಸಿನಲ್ಲಿ ಆ ಚಿಂತೆ ಬರಬೇಕಾದ್ದೇ. ಅಲ್ಲಿ ಸಿಗುವುದು ಜೆನೆರಿಕ್ (ಕಂಪನಿಯ ಹೆಸರಿನಲ್ಲಲ್ಲ, ಔಷಧದ ಮೂಲ ಹೆಸರಿನಲ್ಲಿ ಮಾರುವ) ಮಾತ್ರೆ. ಒಳಗಿನ ಔಷಧ ಅದೇ. ಜಾಹೀರಾತಿನ, ದೊಡ್ಡ ಹೆಸರಿನ ಖರ್ಚು ಇಲ್ಲದ್ದರಿಂದ ಬೆಲೆ ಇಳಿದಿರುತ್ತದೆ.

ನೀವಾಗಿಯೇ ಬದಲಿಸಬೇಡಿ. ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ಮೂಲ ಹೆಸರು ಬರೆದುಕೊಡಿ ಎಂದು ಕೇಳಿ. ಮಳಿಗೆಯಲ್ಲಿ ಹೆಸರಿನ ಜೊತೆ ಅಂಕಿಯೂ ಹೊಂದಬೇಕು: ಮೆಟ್‌ಫಾರ್ಮಿನ್ 500 ಎಂದಿದ್ದರೆ 500ನ್ನೇ ಕೊಳ್ಳಿ. ‘ಎಸ್‌ಆರ್’ (ನಿಧಾನವಾಗಿ ಕರಗುವುದು) ಎಂದು ಬರೆದಿದ್ದರೆ ಅದೇ ಆಗಬೇಕು. ಮೊದಲ ಎರಡು ಮೂರು ವಾರ ಬಿಪಿ, ಶುಗರ್ ನೋಡಿಸಿ ಬರೆದಿಡಿ. ಭಯ ಕಳೆಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಥೈರಾಯ್ಡ್, ಮೂರ್ಛೆ ರೋಗದ ಮಾತ್ರೆಗಳನ್ನು ಮಾತ್ರ ವೈದ್ಯರ ಒಪ್ಪಿಗೆಯಿಲ್ಲದೆ ಮುಟ್ಟಬೇಡಿ. ವಾರ್ಡುಗಳಲ್ಲಿರುವ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲೂ ತಪಾಸಣೆ, ಔಷಧ ಉಚಿತ, ಹತ್ತಿರದ್ದನ್ನು ವಿಚಾರಿಸಿ.

ಪ್ರಶ್ನೆ: ಸಿಲಿಂಡರ್ ತರುವ ಹುಡುಗ ಬಿಲ್ಲಿಗಿಂತ 50 ರೂಪಾಯಿ ಹೆಚ್ಚು ಕೇಳುತ್ತಾನೆ. ಗ್ಯಾಸೂ ಬೇಗ ಮುಗಿಯುತ್ತಿದೆ. ಕೇಳಿದರೆ ಮುಂದಿನ ಸಲ ತಡ ಮಾಡುತ್ತಾರೆಂದು ಸುಮ್ಮನಿದ್ದೇವೆ.

ಉತ್ತರ: ಬಿಲ್ಲಿನಲ್ಲಿ ಇರುವಷ್ಟು ಕೊಟ್ಟರೆ ಸಾಕು. ಮೆಟ್ಟಿಲು ಹತ್ತಿ ಹೊತ್ತು ತಂದವನಿಗೆ ನೀವಾಗಿಯೇ ಚಹಾಕ್ಕೆ ಕೊಟ್ಟರೆ ಅದು ನಿಮ್ಮ ಸಂತೋಷ, ಅವನ ಹಕ್ಕಲ್ಲ. ತೂಕ ಮಾಡಿಸಿ, ತಕ್ಕಡಿ ತರುವುದು ಅವರ ಕರ್ತವ್ಯ. ಸಿಲಿಂಡರಿನ ಮೇಲೆ ಖಾಲಿ ತೂಕ ಬರೆದಿರುತ್ತದೆ, ಅದಕ್ಕೆ 14.2 ಕಿಲೋ ಕೂಡಿಸಿ ನೋಡಿ. ಖಾಲಿ ತೂಕ 15.8 ಆದರೆ ಒಟ್ಟು 30 ಕಿಲೋ ಇರಬೇಕು. ತೂಕ ಸರಿಯಿದ್ದೂ ಬೇಗ ಮುಗಿದರೆ ಬರ್ನರ್ ನೋಡಿ: ಉರಿ ನೀಲಿ ಇರಬೇಕು, ಹಳದಿಯಾದರೆ ತೂತು ಕಟ್ಟಿದೆ. ಕಾಳು ನೆನೆಹಾಕಿ ಕುಕ್ಕರಿನಲ್ಲಿಡಿ, ಕುದಿ ಬಂದ ಮೇಲೆ ಉರಿ ತಗ್ಗಿಸಿ. ಗ್ಯಾಸಿನ ವಾಸನೆ ಬಂದರೆ ಮಾತ್ರ ಉಳಿತಾಯದ ಯೋಚನೆ ಬಿಟ್ಟು, ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಸ್ವಿಚ್ ಯಾವುದನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಬಿಲ್ಲಿನ ವಿಷಯ ಬರೆಯುವವರು ಮೂರು ತಿಂಗಳ ಬಿಲ್ಲಿನ ನಕಲು ಜೊತೆಗಿಡಿ. ಆಧಾರ್, ಬ್ಯಾಂಕ್ ಖಾತೆಯ ಸಂಖ್ಯೆ ಅದರಲ್ಲಿದ್ದರೆ ಮಸಿ ಬಳಿದು ಕಳಿಸಿ. ಅವು ನನಗೂ ಬೇಡ, ಇನ್ನಾರಿಗೂ ಕೊಡಬೇಡಿ.